ನಗಿಸುವ ಪತ್ತೇದಾರ ನಮಗೆ ಯಾಕೆ ಬೇಕು?

ನಾನು ಎಂಟನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ ಬಾಡದ ನಮ್ಮ ಮನೆಯಲ್ಲಿ ಅಪ್ಪನ ಕೈಗಡಿಯಾರ ಕಳೆದುಹೋಯಿತು. ಎಚ್‌ಎಂಟಿ ಗಡಿಯಾರ, ಕೀಲಿ ಕೊಡುವಂಥದ್ದು. ಕುಮಟೆ ಪೇಟೆಗೆ ಹೋಗಿ ಬಂದವರು ಜಗಲಿಯಲ್ಲಿ ಅದನ್ನು ಬಿಚ್ಚಿ ಮೊಳೆಗೆ ಸಿಕ್ಕಿಸಿ, ಬಾವಿಕಟ್ಟೆಗೆ ಕಾಲು ತೊಳೆಯಲು ಹೋಗುವುದು ಅಪ್ಪನ ವಾಡಿಕೆ. ಆ ಗೋಡೆಗೆ ನಾಲ್ಕು ಮೊಳೆ ಇದ್ದವು. ಒಂದಕ್ಕೆ ಅಂಗಿ, ಪಕ್ಕದ್ದಕ್ಕೆ ಗಡಿಯಾರ, ಅದರ ಕೆಳಗಿನದಕ್ಕೆ ಹೋದ ಮಳೆಗಾಲ ಮುಗಿದಾಗ ತೂಗಿಬಿಟ್ಟ ಅಜ್ಜನ ಕಾಲದ ಕೊಡೆ, ಬಾಗಿಲ ಹತ್ತಿರದ್ದಕ್ಕೆ ಪಂಚಾಂಗ. ಮೇ ತಿಂಗಳ ಒಂದು ಸಂಜೆ ನೋಡಿದರೆ ಗಡಿಯಾರದ ಮೊಳೆ ಖಾಲಿ.

ಪುಣ್ಯಕ್ಕೆ, ಅಥವಾ ಪಾಪಕ್ಕೆ, ಮನೆಯಲ್ಲೇ ಒಬ್ಬ ಪತ್ತೇದಾರ ಇದ್ದ. ಅದು ನಾನು. ರಜೆ ಶುರುವಾದಾಗಿನಿಂದ ಹತ್ತಾರು ಪತ್ತೇದಾರಿ ಕಾದಂಬರಿ ಓದಿ ಮುಗಿಸಿದ್ದೆ. ಶಾಲೆಯ ಹಳೇ ಪಟ್ಟಿಯ ಖಾಲಿ ಹಾಳೆಗಳಲ್ಲಿ 'ತನಿಖೆ' ಬರೆದೆ. ಜಗಲಿಗೆ ಯಾರ್ಯಾರು ಬಂದರು, ಎಷ್ಟು ಹೊತ್ತಿಗೆ, ಯಾಕೆ. ಸಗಣಿ ಸಾರಿಸಿದ ನೆಲದ ಮೇಲೆ ಒಂದು ಒದ್ದೆ ಹೆಜ್ಜೆ ಇತ್ತು, ಅದನ್ನು ಸ್ಕೇಲಿನಲ್ಲಿ ಅಳೆದೆ. ರಾತ್ರಿ ಊಟ ಆದ ಮೇಲೆ ಎಲ್ಲರನ್ನೂ ಕೂರಿಸಿ ಓದಿ ಹೇಳಿದೆ. ಹೆಜ್ಜೆ ನಮ್ಮನೆ ಕೊಟ್ಟಿಗೆ ಕೆಲಸಕ್ಕೆ ಬರುತ್ತಿದ್ದ ಹೆಂಗಸಿನದು ಅಂತ ನನ್ನ ತೀರ್ಮಾನ. ಮೊದಲು ಎಲ್ಲರೂ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಮರುದಿನ ಬೆಳಿಗ್ಗೆ ಆಯಿ ಅಂಗಳದ ತುದಿಯಲ್ಲಿ ನಿಂತು ಅವರ ಹತ್ತಿರ ಏನೋ ಮಾತಾಡಿದಳು. "ತಂಗೀ, ನಾ ಮುಟ್ಲಿಲ್ಲ" ಅಂದಿದ್ದು ಮಾತ್ರ ನನಗೆ ಕೇಳಿತು. ಅದರ ಮಾರನೇ ದಿನದಿಂದ ಅವರು ಬರಲಿಲ್ಲ. ನನ್ನ ಜೊತೆ ಗೇರುಬೀಜ ಹೆಕ್ಕಲು ಬರುತ್ತಿದ್ದ ಅವರ ಮಗನೂ ಬರಲಿಲ್ಲ.

ಗಡಿಯಾರ ಎಲ್ಲಿತ್ತು ಅಂತ ಕೊನೆಗೆ ಹೇಳ್ತೇನೆ. ಸುಳಿವು ಈಗಾಗಲೇ ನಿಮ್ಮ ಮುಂದಿದೆ, ನಾನೇನೂ ಮುಚ್ಚಿಟ್ಟಿಲ್ಲ. ಅಲ್ಲಿಯವರೆಗೆ ಬೇರೆ ಒಂದು ವಿಷಯ ಮಾತಾಡೋಣ. ಖಾಸಗಿ ಪತ್ತೇದಾರನ ತಮಾಷೆಯ ಕಾದಂಬರಿ ಅಂತ ಒಂದು ಜಾತಿ ಇದೆಯಲ್ಲ, ರಕ್ತದ ಕೋಡಿ ಹರಿಯದ, ಓದುತ್ತಾ ನಗು ಬರುವ, ಕೊನೆಗೆ ಎಲ್ಲ ನೆಟ್ಟಗಾಗುವ ಕಥೆ? ಅದನ್ನು ನಾವು 'ಟೈಂಪಾಸ್' ಅಂತ ತಳ್ಳಿಹಾಕುತ್ತೇವೆ. ನನ್ನ ಪ್ರಕಾರ ಅದು ಅಷ್ಟು ಹಗುರದ್ದಲ್ಲ.

ಕನ್ನಡಕ್ಕೆ ಓದು ಕಲಿಸಿದವನು

ಕನ್ನಡದಲ್ಲಿ ಪತ್ತೇದಾರ ಅಂದರೆ ಮೊದಲು ನೆನಪಾಗುವ ಹೆಸರು ಎನ್. ನರಸಿಂಹಯ್ಯ ಅವರದು. 1925ರಲ್ಲಿ ಚಿಕ್ಕಮಗಳೂರು ಸೀಮೆಯಲ್ಲಿ ಹುಟ್ಟಿದವರು. ಶಾಲೆ ಕಲಿತದ್ದು ನಾಲ್ಕನೇ ತರಗತಿವರೆಗೆ. ಹೊಟ್ಟೆಪಾಡಿಗೆ ಏನೇನೋ ಕೆಲಸ ಮಾಡಿದವರು. 1952ರಲ್ಲಿ 'ಪತ್ತೇದಾರ ಪುರುಷೋತ್ತಮ' ಬಂತು. 2011ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ಬರೆದ ಕಾದಂಬರಿಗಳ ಸಂಖ್ಯೆ 500 ದಾಟಿತ್ತು. ನಾಲ್ಕನೇ ಇಯತ್ತೆ ಕಲಿತ ಮನುಷ್ಯ ಐನೂರು ಪುಸ್ತಕ ಬರೆದದ್ದೇ ಒಂದು ಪತ್ತೇದಾರಿ ಕಥೆಯ ಹಾಗಿದೆ.

ಅವರ ಪುರುಷೋತ್ತಮನೂ ಮಧುಸೂದನನೂ ಅರಿಂಜಯನೂ ಬಾಡಿಗೆ ಲೈಬ್ರರಿಗಳಲ್ಲಿ, ಬಸ್‌ಸ್ಟ್ಯಾಂಡಿನ ಪುಸ್ತಕದ ಅಂಗಡಿಗಳಲ್ಲಿ, ಕ್ಷೌರದಂಗಡಿಯ ಬೆಂಚುಗಳ ಮೇಲೆ ಸಿಗುತ್ತಿದ್ದರು. ಒಂದು ಪ್ರತಿ ಹತ್ತು ಮನೆ ಸುತ್ತಿ ಬರುವಾಗ ಮುಖಪುಟ ಇರುತ್ತಿರಲಿಲ್ಲ. ಎಷ್ಟೋ ಸಲ ಕೊನೇ ಪುಟವೂ ಇರುತ್ತಿರಲಿಲ್ಲ. ಪತ್ತೇದಾರಿ ಕಾದಂಬರಿಗೆ ಕೊನೇ ಪುಟ ಇಲ್ಲದಿದ್ದರೆ ಓದಿದವನ ಗತಿ ಏನಾಗಬೇಕು, ನೀವೇ ಹೇಳಿ. ನಾವು ನಾಲ್ಕು ಹುಡುಗರು ಸೇರಿ ಕಳ್ಳ ಯಾರಿರಬಹುದು ಅಂತ ವಾದ ಮಾಡುತ್ತಿದ್ದೆವು. ಪುಸ್ತಕವೊಂದರ ಬಗ್ಗೆ ನಾನು ಮಾಡಿದ ಮೊದಲ ಚರ್ಚೆ ಅದು. ಓದಿನ ರುಚಿ ಹತ್ತಿದ್ದು ಅಲ್ಲಿಂದ. ಕಾರಂತರು, ಕುವೆಂಪು ಎಲ್ಲ ಆಮೇಲೆ ಬಂದರು.

ಆದರೆ ಆ ಪುಸ್ತಕಗಳಲ್ಲಿ ನಗು ಕಡಿಮೆ. ಪತ್ತೇದಾರ ಗಂಭೀರ, ಧೀರ, ತಪ್ಪೇ ಮಾಡದವನು. ಅದೇ ಅಚ್ಚು ಸಿನಿಮಾಕ್ಕೂ ಬಂತು. 1968ರ 'ಜೇಡರ ಬಲೆ'ಯಲ್ಲಿ ರಾಜ್‌ಕುಮಾರ್ ಸಿಐಡಿ 999 ಆದರು. ಅದು ಸರಕಾರಿ ಗೂಢಚಾರನ ಕಥೆ, ಬಾಂಡ್ ಚಿತ್ರಗಳ ಜಾಡಿನದ್ದು. ನಗಿಸುವ, ಎಡವುವ, ಜೇಬಲ್ಲಿ ಕಾಸಿಲ್ಲದ ಖಾಸಗಿ ಪತ್ತೇದಾರ ನಮ್ಮಲ್ಲಿ ತಡವಾಗಿಯೇ ಬಂದ.

ನಗು ಎಲ್ಲಿಂದ ಹುಟ್ಟುತ್ತದೆ?

ಈ ಜಾತಿಯ ಕಥೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಹಳೆಯ ಉದಾಹರಣೆ ಷರ್ಲಾಕ್ ಹೋಮ್ಸನದ್ದೇ ಇದೆ. 1891ರಲ್ಲಿ ಬಂದ ಕೆಂಪು ಕೂದಲಿನವರ ಸಂಘದ ಕಥೆ. ಗಿರವಿ ಅಂಗಡಿಯವನೊಬ್ಬ ದೂರು ತರುತ್ತಾನೆ. ಕೆಂಪು ಕೂದಲು ಇದೆ ಎಂಬ ಒಂದೇ ಅರ್ಹತೆಗೆ ಅವನಿಗೆ ಒಂದು ನೌಕರಿ ಸಿಕ್ಕಿತ್ತು. ಕೆಲಸ ಏನಪ್ಪಾ ಅಂದರೆ ವಿಶ್ವಕೋಶವನ್ನು ಕೂತು ನಕಲು ಮಾಡುವುದು. ವಾರಕ್ಕೆ 4 ಪೌಂಡ್ ಸಂಬಳ. ಒಂದು ದಿನ ಹೋಗಿ ನೋಡಿದರೆ ಸಂಘವೇ ಬರಖಾಸ್ತು. ಇದನ್ನು ಕೇಳಿ ಹೋಮ್ಸ್ ಮತ್ತು ವಾಟ್ಸನ್ ಇಬ್ಬರೂ ಹೊಟ್ಟೆ ಹಿಡಿದು ನಗುತ್ತಾರೆ. ಆದರೆ ಹೋಮ್ಸ್ ನಕ್ಕ ಮೇಲೆ ಒಂದು ಪ್ರಶ್ನೆ ಕೇಳುತ್ತಾನೆ. ಇವನನ್ನು ದಿನಾ ನಾಲ್ಕು ತಾಸು ಅಂಗಡಿಯಿಂದ ಹೊರಗಿಡುವುದರಿಂದ ಯಾರಿಗೆ ಲಾಭ? ಉತ್ತರ ಸಿಗುವುದು ಅಂಗಡಿಯ ನೆಲದಡಿಯಿಂದ ಬ್ಯಾಂಕಿಗೆ ತೋಡುತ್ತಿದ್ದ ಸುರಂಗದಲ್ಲಿ.

ನೋಡಿ, ತಮಾಷೆ ಇಲ್ಲಿ ಒಗ್ಗರಣೆಯಲ್ಲ. ಆ ತಮಾಷೆಯೇ ಸುಳಿವು. ಯಾವುದೋ ಒಂದು ವಿಷಯ ವಿಚಿತ್ರವಾಗಿ, ನಗೆ ಬರುವಷ್ಟು ಅಸಂಬದ್ಧವಾಗಿ ಇದ್ದರೆ ಅದರ ಹಿಂದೆ ಒಂದು ಕಾರಣ ಇರಬೇಕು. ಒಳ್ಳೆಯ ತಮಾಷೆಯ ಪತ್ತೇದಾರಿ ಕಾದಂಬರಿ ನಮ್ಮನ್ನು ನಗಿಸುತ್ತಲೇ ಸುಳಿವನ್ನು ಕೈಗೆ ಕೊಟ್ಟುಬಿಡುತ್ತದೆ. ನಗುವ ಗಲಾಟೆಯಲ್ಲಿ ನಾವು ಅದನ್ನು ಗಮನಿಸುವುದಿಲ್ಲ.

ಎರಡನೇ ಮೂಲ, ಜೊತೆಗಾರ. ಬಂಗಾಳದ ಸತ್ಯಜಿತ್ ರಾಯ್ 1965ರಲ್ಲಿ 'ಸಂದೇಶ್' ಪತ್ರಿಕೆಯಲ್ಲಿ ಫೆಲುದಾನನ್ನು ಶುರು ಮಾಡಿದರು. ಅವನು ಮೊದಮೊದಲು ಚುರುಕಿನ ಹುಡುಗ ಅಷ್ಟೇ. ಕಥೆಗಳಿಗೆ ರಂಗು ಬಂದದ್ದು 'ಸೋನಾರ್ ಕೆಲ್ಲಾ'ದಲ್ಲಿ ಲಾಲ್‌ಮೋಹನ್ ಬಾಬು ಬಂದ ಮೇಲೆ. ಈ ಲಾಲ್‌ಮೋಹನ್ 'ಜಟಾಯು' ಎಂಬ ಹೆಸರಲ್ಲಿ ರೋಚಕ ಕಾದಂಬರಿ ಬರೆದು ಸಿಕ್ಕಾಪಟ್ಟೆ ಮಾರಾಟ ಮಾಡುವ ಲೇಖಕ. ಅವನ ಪುಸ್ತಕದ ತುಂಬ ತಪ್ಪು ಮಾಹಿತಿ. ಅದನ್ನು ಫೆಲುದಾ ತಿದ್ದುತ್ತಾನೆ. ಪತ್ತೇದಾರಿ ಕಥೆಯೊಂದು ತನ್ನದೇ ಜಾತಿಯ ಕಥೆಗಳನ್ನು ಹೀಗೆ ಗೇಲಿ ಮಾಡಿಕೊಳ್ಳುತ್ತದೆ. ಯಕ್ಷಗಾನ ನೋಡಿದವರಿಗೆ ಇದು ಹೊಸತಲ್ಲ. ಎರಡನೇ ವೇಷ ಎಷ್ಟೇ ಗತ್ತಿನಲ್ಲಿ ಕುಣಿಯಲಿ, ಹಾಸ್ಯಗಾರ ಬಂದು ಒಂದು ಮಾತು ಕೇಳಿದರೆ ಅದರ ಅರ್ಧ ಗತ್ತು ಇಳಿಯುತ್ತದೆ. ಪ್ರೇಕ್ಷಕ ಕೇಳಬೇಕೆಂದಿದ್ದ ಪ್ರಶ್ನೆಯನ್ನೇ ಹಾಸ್ಯಗಾರ ಕೇಳಿರುತ್ತಾನೆ.

ಮೂರನೇ ಮೂಲ, ಪ್ರಕರಣದ ಗಾತ್ರ. ಅಲೆಕ್ಸಾಂಡರ್ ಮೆಕಾಲ್ ಸ್ಮಿತ್ 1998ರಲ್ಲಿ ಬೋಟ್ಸ್‌ವಾನಾದ ಹೆಂಗಸೊಬ್ಬಳನ್ನು ಪತ್ತೇದಾರಳನ್ನಾಗಿ ಮಾಡಿದರು. ಅವಳ ಹೆಸರು ರಮೋಟ್ಸ್ವೆ. ಅಪ್ಪ ಬಿಟ್ಟುಹೋದ ದನಗಳನ್ನು ಮಾರಿ ಬಂದ ದುಡ್ಡಿನಲ್ಲಿ ಕಚೇರಿ ತೆರೆಯುತ್ತಾಳೆ. ಅವಳ ಹತ್ತಿರ ಬರುವವರ ಸಂಕಟಗಳು ನಮ್ಮ ಕೇರಿಯವೇ. ಗಂಡ ಎಲ್ಲಿ ಹೋದ, ಮನೆಗೆ ಬಂದು ಕೂತಿರುವ ಮುದುಕ ನಿಜವಾಗಿ ನನ್ನ ಅಪ್ಪನೇ ಹೌದೋ. ಹೆಣ ಬೀಳದೆಯೂ ಪುಟ ತಿರುಗುತ್ತದೆ. ಯಾಕೆಂದರೆ ಆ ಪ್ರಶ್ನೆ ಕೇಳಿದವರಿಗೆ ಅದು ಜೀವನ್ಮರಣದ್ದು.

ಅಂಜನ, ಪ್ರಸಾದ ಮತ್ತು ತರ್ಕ

ನಮ್ಮೂರ ಕಡೆ ಪತ್ತೇದಾರರೇ ಇರಲಿಲ್ಲ ಅಂತಲ್ಲ. ಬೇರೆ ಥರದವರು ಇದ್ದರು. ಚಿನ್ನ ಕಳೆದರೆ ಅಂಜನ ಹಾಕಿಸುವುದು, ಎಲೆಯ ಮೇಲಿನ ಕಪ್ಪಿನಲ್ಲಿ ಕಳ್ಳನ ಮುಖ ಕಾಣುತ್ತದಂತೆ. ದನ ತಪ್ಪಿದರೆ ದೇವಸ್ಥಾನಕ್ಕೆ ಹೋಗಿ ಪ್ರಸಾದ ಕೇಳುವುದು, ಹೂವು ಬಲಕ್ಕೆ ಬಿದ್ದರೆ ಒಂದು, ಎಡಕ್ಕೆ ಬಿದ್ದರೆ ಇನ್ನೊಂದು. ಯಾರ ಮೇಲೆ ಅನುಮಾನವೋ ಅವರನ್ನು ದೇವರ ಎದುರು ಆಣೆ ಹಾಕಿ ಅನ್ನುವುದು. ಕುಮಟೆ, ಹೊನ್ನಾವರ, ಭಟ್ಕಳ ಸೀಮೆಯ ಯಾವ ಮನೆಯಲ್ಲಾದರೂ ಹಿರಿಯರನ್ನು ಕೇಳಿ, ಇಂಥ ಒಂದಾದರೂ ಕಥೆ ಸಿಗುತ್ತದೆ.

ನಂಬಿಕೆಯ ಪ್ರಶ್ನೆಗೆ ನಾನು ಹೋಗುವುದಿಲ್ಲ. ಪ್ರಸಾದ ಕೇಳಿ ಮನಸ್ಸಿಗೆ ನೆಮ್ಮದಿ ಸಿಕ್ಕರೆ ಸಿಗಲಿ. ಆದರೆ ಒಬ್ಬ ಮನುಷ್ಯನ ಮೇಲೆ ಕಳ್ಳ ಎಂಬ ಹೆಸರು ಹಚ್ಚುವಾಗ ಒಂದು ವ್ಯತ್ಯಾಸ ಮುಖ್ಯ. ಅಂಜನದಲ್ಲಿ ಕಂಡದ್ದನ್ನು ನೀವು ಪರೀಕ್ಷಿಸಲಾರಿರಿ. ಹೇಳಿದವರನ್ನು 'ಅದು ಹ್ಯಾಂಗೆ?' ಅಂತ ಕೇಳುವ ಹಾಗಿಲ್ಲ. ಆರೋಪ ಹೊತ್ತವರಿಗೆ ಉತ್ತರ ಕೊಡುವ ದಾರಿಯೇ ಇರುವುದಿಲ್ಲ. ಪತ್ತೇದಾರಿ ಕಾದಂಬರಿ ತದ್ವಿರುದ್ಧ. ಅಲ್ಲಿ ಕೊನೇ ಅಧ್ಯಾಯದಲ್ಲಿ ಪತ್ತೇದಾರ ಎಲ್ಲರನ್ನೂ ಕೂರಿಸಿ ಮೊದಲಿನಿಂದ ವಿವರಿಸಲೇಬೇಕು. ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ 1929ರಲ್ಲಿ ಇಂಥ ಕಥೆಗಳಿಗೆ ಹತ್ತು ನಿಯಮ ಬರೆದರು. ಅವರು ಪಾದ್ರಿಯಾಗಿದ್ದವರು. ಆದರೂ ಅಲೌಕಿಕ ಶಕ್ತಿಯಿಂದ ಪ್ರಕರಣ ಬಿಡಿಸುವ ಹಾಗಿಲ್ಲ ಎಂಬುದು ಅದರಲ್ಲಿ ಒಂದು. ಪತ್ತೇದಾರನಿಗೆ ಸಿಕ್ಕ ಸುಳಿವನ್ನು ಓದುಗನಿಗೂ ತೋರಿಸಬೇಕು ಎಂಬುದು ಇನ್ನೊಂದು. ಬರೆದದ್ದು ಅರ್ಧ ತಮಾಷೆಗೆ. ಆದರೆ ಆ ಎರಡು ನಿಯಮಗಳಲ್ಲಿ ನ್ಯಾಯದ ದೊಡ್ಡ ಪಾಠ ಅಡಗಿದೆ.

ಈ ಕಥೆಗಳಲ್ಲಿ ಇನ್ನೊಂದು ಗುಟ್ಟಿದೆ. ಎಲ್ಲರೂ ಮೊದಲು ಯಾರನ್ನು ಅನುಮಾನಿಸುತ್ತಾರೋ ಅವರು ಸಾಮಾನ್ಯವಾಗಿ ಕಳ್ಳರಾಗಿರುವುದಿಲ್ಲ. ಇದನ್ನು ನಾವು 'ಟ್ವಿಸ್ಟ್' ಅಂತ ಕರೆದು ಮುಗಿಸುತ್ತೇವೆ. ಆದರೆ ಊರಿನಲ್ಲಿ ಅನುಮಾನ ಯಾವ ದಿಕ್ಕಿಗೆ ಹರಿಯುತ್ತದೆ ಯೋಚಿಸಿ. ನೀರಿನ ಹಾಗೆ ಅದು ಯಾವಾಗಲೂ ಇಳಿಜಾರಿಗೇ. ಕೂಲಿಯವರ ಕಡೆಗೆ, ಕೆಳಗಿನ ಕೇರಿಯ ಕಡೆಗೆ, ಹೊರಗಿನಿಂದ ಬಂದವರ ಕಡೆಗೆ. ಜಗಲಿಯಲ್ಲಿ ಕೂತವರ ಕಡೆಗೆ ಅದು ಏರಿ ಬರುವುದೇ ಇಲ್ಲ. ಅಡಿಗೆಯವಳಲ್ಲ, ತೋಟದ ಆಳಲ್ಲ, ಕಳ್ಳ ಜಗಲಿಯ ಕುರ್ಚಿಯಲ್ಲೇ ಕೂತಿದ್ದಾನೆ ಅಂತ ಪ್ರತಿ ಸಲ ತೋರಿಸುವ ಪುಸ್ತಕ ಎಷ್ಟೇ ಹಗುರವಾಗಿರಲಿ, ಓದುಗನ ತಲೆಯಲ್ಲಿರುವ ಆ ಇಳಿಜಾರನ್ನು ಒಂದಿಷ್ಟು ಸಮತಟ್ಟು ಮಾಡುತ್ತದೆ.

ಹಾಗಾದರೆ ಅಷ್ಟೊಂದು ಓದಿದ್ದ ನನಗೆ ಯಾಕೆ ಅದು ಹೊಳೆಯಲಿಲ್ಲ? ನಾನು ಪತ್ತೇದಾರನ ಗತ್ತನ್ನು ಓದಿದ್ದೆ, ಅವನ ಅನುಮಾನವನ್ನು ಓದಿರಲಿಲ್ಲ. ಜಗಲಿಯಲ್ಲಿ ಆ ಹೆಂಗಸಿನ ಹೆಜ್ಜೆ ಇತ್ತು ನಿಜ. ದಿನಾ ಜಗಲಿ ಸಾರಿಸುವವರ ಹೆಜ್ಜೆ ಜಗಲಿಯಲ್ಲಿ ಇರದೆ ಇನ್ನೆಲ್ಲಿ ಇರಬೇಕು? ನಾನು ತೀರ್ಪು ಮೊದಲು ಬರೆದು ಸಾಕ್ಷಿ ಆಮೇಲೆ ಹುಡುಕಿದ್ದೆ.

ಅಧಿಕಾರ ಇಲ್ಲದವನ ಸೊಗಸು

ಈ ಕಥೆಗಳ ನಾಯಕ ಪೊಲೀಸ್ ಯಾಕಲ್ಲ, ಖಾಸಗಿಯವನೇ ಯಾಕೆ? ಪೊಲೀಸರ ಕೈಯಲ್ಲಿ ಲಾಠಿ ಇದೆ, ಲಾಕಪ್ ಇದೆ. ಖಾಸಗಿ ಪತ್ತೇದಾರನ ಹತ್ತಿರ ಬಾಯಿ ಮತ್ತು ಕಣ್ಣು ಬಿಟ್ಟರೆ ಏನೂ ಇಲ್ಲ. ಅವನು ಬಾಗಿಲು ಬಡಿದು ಹಲ್ಲು ಕಿರಿದು ಒಂದು ಲೋಟ ಚಾ ಕುಡಿದೇ ವಿಷಯ ತಿಳಿಯಬೇಕು. ಹಾಸ್ಯ ಹುಟ್ಟುವುದು ಈ ದುರ್ಬಲತೆಯಿಂದ.

ನಮ್ಮ ಕಾನೂನಿನಲ್ಲೂ ಅವನ ಸ್ಥಿತಿ ಹಾಗೇ. ಖಾಸಗಿ ಭದ್ರತಾ ಸಂಸ್ಥೆಗಳಿಗೆ 2005ರ ಕಾಯ್ದೆ ಇದೆ. ಖಾಸಗಿ ಪತ್ತೇದಾರಿ ಸಂಸ್ಥೆಗಳನ್ನು ನಿಯಂತ್ರಿಸುವ ಮಸೂದೆ 2007ರಲ್ಲಿ ರಾಜ್ಯಸಭೆಗೆ ಬಂತು, ಕಾಯ್ದೆ ಆಗಲಿಲ್ಲ. ಅಂದರೆ ಸಿನಿಮಾದಲ್ಲಿ ಗುರುತಿನ ಚೀಟಿ ತೋರಿಸಿ 'ಡಿಟೆಕ್ಟಿವ್' ಅನ್ನುವವನಿಗೆ ನಿಮ್ಮಿಂದ ಉತ್ತರ ಪಡೆಯುವ ಯಾವ ಹಕ್ಕೂ ಇಲ್ಲ. ಅವನು ಯಾರನ್ನಾದರೂ ಹಿಡಿಯಬಹುದೇ? ಎಲ್ಲ ನಾಗರಿಕರಿಗೆ ಇರುವಷ್ಟೇ ಅಧಿಕಾರ. ತನ್ನ ಕಣ್ಣೆದುರು ಜಾಮೀನಿಲ್ಲದ ಗಂಭೀರ ಅಪರಾಧ ನಡೆದರೆ ಹಿಡಿದು ಪೊಲೀಸರಿಗೆ ಒಪ್ಪಿಸಬಹುದು. ಬೇರೆಯವರ ಫೋನ್ ಕರೆಗಳ ದಾಖಲೆ ತೆಗೆಸುವುದು, ಮನೆಗೆ ನುಗ್ಗುವುದು ಇವೆಲ್ಲ ಅವನಿಗೂ ಅಪರಾಧವೇ.

ಒಂದು ಸ್ವಾರಸ್ಯ ಮಾತ್ರ ಕಾದಂಬರಿಕಾರರ ಪರವಾಗಿದೆ. ಪೊಲೀಸ್ ಅಧಿಕಾರಿಯ ಎದುರು ಮಾಡಿದ ತಪ್ಪೊಪ್ಪಿಗೆಯನ್ನು ನ್ಯಾಯಾಲಯದಲ್ಲಿ ಆರೋಪಿಯ ವಿರುದ್ಧ ಬಳಸುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹಾಗೆ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮೂ ಅದನ್ನೇ ಉಳಿಸಿಕೊಂಡಿದೆ. ಹೊಡೆದು ಬಾಯಿ ಬಿಡಿಸುತ್ತಾರೆ ಎಂಬ ಭಯವೇ ಅದಕ್ಕೆ ಕಾರಣ. ಆದರೆ ಖಾಸಗಿ ವ್ಯಕ್ತಿಯ ಎದುರು ತಾನಾಗಿಯೇ ಒಪ್ಪಿಕೊಂಡದ್ದನ್ನು ನ್ಯಾಯಾಲಯ ಪರಿಶೀಲಿಸಬಹುದು. ಅದನ್ನು ದುರ್ಬಲ ಸಾಕ್ಷ್ಯ ಅಂತಲೇ ನೋಡುತ್ತಾರೆ, ಬೇರೆ ಆಧಾರ ಕೇಳುತ್ತಾರೆ. ಆದರೂ ಕೊನೇ ಅಧ್ಯಾಯದಲ್ಲಿ ಕಳ್ಳ ಎದ್ದು ನಿಂತು 'ಹೌದು, ನಾನೇ' ಅನ್ನುವ ದೃಶ್ಯ ತೀರಾ ಅಸಂಬದ್ಧವಲ್ಲ ಅಂದಹಾಗಾಯ್ತು. ಬೈದು ಬೆದರಿಸದವನ ಮುಂದೆ ಹೇಳಿದ ಮಾತಿಗೆ ಬೆಲೆ ಇದೆ. ಶರದಿಂದು ಬಂದ್ಯೋಪಾಧ್ಯಾಯರ ಬ್ಯೋಮಕೇಶ್ 1932ರಲ್ಲೇ ತನ್ನನ್ನು ಡಿಟೆಕ್ಟಿವ್ ಅನ್ನದೆ ಸತ್ಯಾನ್ವೇಷಿ ಅಂತ ಕರೆದುಕೊಂಡ. ಆ ಪದ ಈ ಕೆಲಸಕ್ಕೆ ಚೆನ್ನಾಗಿ ಒಪ್ಪುತ್ತದೆ.

ನಮ್ಮಲ್ಲಿ ಯಾರಿದ್ದಾರೆ?

ಕನ್ನಡದ ದೊಡ್ಡ ಲೇಖಕರು ಈ ಜಾತಿಯನ್ನು ಮುಟ್ಟಲೇ ಇಲ್ಲ ಅನ್ನುವುದು ತಪ್ಪು. ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ' ತೆಗೆದುಕೊಳ್ಳಿ. ಏಲಕ್ಕಿ ಬೆಳೆ ಮತ್ತು ವಿಜ್ಞಾನಿಯೊಬ್ಬನ ಸಾವಿನ ಗುಟ್ಟು ಹುಡುಕಿಕೊಂಡು ಅಧಿಕಾರಿಯೊಬ್ಬ ಕೆಸರೂರಿಗೆ ಬರುತ್ತಾನೆ. ಓದುತ್ತಾ ನಗು ತಡೆಯಲಾಗುವುದಿಲ್ಲ. ಆದರೆ ರಹಸ್ಯ ಬಿಡಿಸಲು ಹೊರಟವನ ಕೈಗೆ ಸಿಗುವುದು ಒಬ್ಬ ಕಳ್ಳನಲ್ಲ, ಇಡೀ ಊರಿನ ರೋಗ. 1987ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪತ್ತೇದಾರಿ ಚೌಕಟ್ಟು ಎಷ್ಟು ಭಾರ ಹೊರಬಲ್ಲದು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಮ್ಮ ಹೊಳೆಯ ಆಚೆಯೇ ಇನ್ನೊಬ್ಬರಿದ್ದಾರೆ. ಬಾಡದಿಂದ ಕಾಗಾಲ, ಅಘನಾಶಿನಿ ದಾಟಿ ದೋಣಿಯಲ್ಲಿ ತದಡಿಗೆ ಹೋದರೆ ಅಲ್ಲಿಂದ ಮುಂದೆ ಹನೇಹಳ್ಳಿ, ಯಶವಂತ ಚಿತ್ತಾಲರ ಊರು. 1979ರ ಅವರ 'ಶಿಕಾರಿ'ಯ ನಾಗಪ್ಪನ ಮೇಲೆ ಮುಂಬಯಿಯ ಕಂಪನಿಯಲ್ಲಿ ಆರೋಪ ಬರುತ್ತದೆ, ಆರೋಪ ಏನು ಅನ್ನುವುದು ಅವನಿಗೇ ಸ್ಪಷ್ಟವಿಲ್ಲ. ತನ್ನ ವಿರುದ್ಧ ಸಂಚು ಮಾಡಿದವರು ಯಾರು ಅಂತ ಅವನೇ ಪತ್ತೇದಾರಿಕೆ ಮಾಡಬೇಕು. ಅದು ನಗುವ ಪುಸ್ತಕ ಅಲ್ಲವೇ ಅಲ್ಲ. ಆದರೆ ಬೆರಳು ತೋರಿಸಿಸಿಕೊಂಡವನ ಒಳಗೆ ಏನಾಗುತ್ತದೆ ಅನ್ನುವುದನ್ನು ಅದರಷ್ಟು ಹತ್ತಿರದಿಂದ ತೋರಿಸಿದ ಕಾದಂಬರಿ ಕನ್ನಡದಲ್ಲಿ ಕಡಿಮೆ. ಅದನ್ನು ಓದುವಾಗ ನನಗೆ ನಮ್ಮ ಜಗಲಿ ನೆನಪಾಗಿ ಪುಸ್ತಕ ಮಡಚಿಟ್ಟಿದ್ದೆ.

ಅಪ್ಪಟ ತಮಾಷೆಯ ಪತ್ತೇದಾರ ಸಿಕ್ಕಿದ್ದು 2019ರಲ್ಲಿ, ಸಿನಿಮಾದಲ್ಲಿ. ಜಯತೀರ್ಥ ನಿರ್ದೇಶನದ 'ಬೆಲ್ ಬಾಟಂ'. ಪತ್ತೇದಾರಿ ಕಾದಂಬರಿ ಓದಿ ಓದಿ ತಲೆ ಕೆಡಿಸಿಕೊಂಡ ದಿವಾಕರ ಪೊಲೀಸ್ ಪೇದೆಯಾಗುತ್ತಾನೆ, ಠಾಣೆಗಳಲ್ಲೇ ನಡೆಯುವ ಕಳ್ಳತನದ ಬೆನ್ನು ಹತ್ತುತ್ತಾನೆ. ರಿಷಬ್ ಶೆಟ್ಟಿ ಅವನನ್ನು ಹೀರೋ ಮಾಡದೆ, ಕನಸು ಕಾಣುವ ಪಾಪದ ಹುಡುಗನನ್ನಾಗಿ ಉಳಿಸಿಕೊಂಡರು. ಆ ಬಾಡಿಗೆ ಪುಸ್ತಕಗಳ ಕಾಲಕ್ಕೆ ಸಂದ ಪ್ರೀತಿಯ ಲೆಕ್ಕ ಅದು. ಸಿನಿಮಾ ಗೆದ್ದಿತು. ಆದರೆ ಪುಸ್ತಕದ ಅಂಗಡಿಯಲ್ಲಿ ದಿವಾಕರನ ಅಣ್ಣತಮ್ಮಂದಿರು ಇನ್ನೂ ಸಾಲಾಗಿ ಕಾಣುತ್ತಿಲ್ಲ.

ಕಾಣಬೇಕು ಅಂತ ನನ್ನ ಆಸೆ. ನಮ್ಮ ಕರಾವಳಿಯ ಹಳ್ಳಿಗಿಂತ ಒಳ್ಳೆಯ ಜಾಗ ಇಂಥ ಕಥೆಗೆ ಬೇಕೇ? ಬೆಳಗಿನ ಬಸ್ಸಿಗೆ ಯಾರು ಹತ್ತಿದರು, ಸಂಜೆ ಬಸ್ಸಿಗೆ ಯಾರು ಇಳಿದರು ಅಂತ ಗೂಡಂಗಡಿಯಲ್ಲಿ ಸಿಸಿಟಿವಿಗಿಂತ ಸ್ಪಷ್ಟವಾಗಿ ಗೊತ್ತಿರುತ್ತದೆ. ಮೀನು ಮಾರುವ ಹೆಂಗಸು ಹತ್ತು ಮನೆಯ ಸುದ್ದಿ ಬಲ್ಲಳು. ಅವಳನ್ನೇ ಪತ್ತೇದಾರಳನ್ನಾಗಿ ಮಾಡಿ ಯಾರಾದರೂ ಬರೆಯಬಾರದೇ? ಯಾವಾಗಲೂ ಅನುಮಾನಕ್ಕೆ ಗುರಿಯಾಗುವವರ ಕೈಗೇ ಭೂತಗನ್ನಡಿ ಕೊಟ್ಟರೆ ಕಥೆಯೂ ಹೊಸದಾದೀತು, ನಗುವೂ ಬೇರೆಯಾದೀತು.

ಮಿರ್ಗದ ಮಳೆ

ಈಗ ಗಡಿಯಾರ. ಜೂನ್ ಎರಡನೇ ವಾರ ಮಿರ್ಗದ ಮಳೆ ಹಿಡಿಯಿತು. ಅಪ್ಪ ಕುಮಟೆಗೆ ಹೊರಟವರು ಕೆಳಗಿನ ಮೊಳೆಯಿಂದ ಕೊಡೆ ತೆಗೆದು ಅಂಗಳದಲ್ಲಿ ಬಿಚ್ಚಿದರು. ಗಡಿಯಾರ ಟಪ್ಪಂತ ಅವರ ಕಾಲ ಬುಡಕ್ಕೆ ಬಿತ್ತು. ಹಿಡಿಕೆಯಿಂದ ತೂಗಿದ ಕೊಡೆಯ ಬಟ್ಟೆ ಮೇಲ್ಮುಖವಾಗಿ ಚೀಲದ ಹಾಗೆ ಬಾಯಿ ಬಿಟ್ಟಿರುತ್ತದೆ. ಮೇಲಿನ ಮೊಳೆಯಿಂದ ಜಾರಿದ್ದು ಸದ್ದಿಲ್ಲದೆ ಅದರೊಳಗೆ ಕೂತಿತ್ತು. ಬೇಸಿಗೆಯಲ್ಲಿ ಕೊಡೆ ಬಿಚ್ಚುವವರು ಯಾರು? ನಾನು ನೆಲದ ಮೇಲಿನ ಹೆಜ್ಜೆ ಅಳೆದೆ, ಮೊಳೆಯಿಂದ ನೇರ ಕೆಳಗೆ ಏನಿದೆ ಅಂತ ನೋಡಲಿಲ್ಲ.

ಅವತ್ತು ಮನೆಯಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಪತ್ತೇದಾರಿ ಕಾದಂಬರಿಯಾಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಸಂಜೆ ಅಪ್ಪ ಆ ಹೆಂಗಸಿನ ಮನೆಗೆ ಹೋದರು, ನನ್ನನ್ನೂ ಕರೆದುಕೊಂಡು ಹೋದರು. ಗಡಿಯಾರ ಸಿಕ್ಕಿತು, ತಪ್ಪಾಯಿತು ಅಂದರು. ಅವರು ಒಲೆ ಊದುವುದನ್ನು ನಿಲ್ಲಿಸದೆ "ಸಿಕ್ತಲ್ಲ, ಅಷ್ಟೇ ಸಾಕು ಬಿಡಿ" ಅಂದರು. ಒಳಗೆ ಬನ್ನಿ ಅನ್ನಲಿಲ್ಲ. ಅವರ ಮಗ ಬಾಗಿಲ ಮರೆಯಿಂದ ನನ್ನನ್ನು ನೋಡಿ ಒಳಗೆ ಹೋದ. ನಾನು ಒಂದು ಮಾತೂ ಆಡಲಿಲ್ಲ. ಅವರು ಮತ್ತೆ ನಮ್ಮನೆ ಕೆಲಸಕ್ಕೆ ಬರಲಿಲ್ಲ.

ನಾನು ಈಗಲೂ ಪತ್ತೇದಾರಿ ಕಾದಂಬರಿ ಓದುತ್ತೇನೆ, ತಮಾಷೆಯದ್ದಾದರೆ ಇನ್ನೂ ಖುಷಿ. ಎಲ್ಲರೂ ಯಾರ ಕಡೆಗೋ ಬೆರಳು ತೋರಿಸುತ್ತಿರುವಾಗ, ಸ್ವಲ್ಪ ಎಡಬಿಡಂಗಿಯಂತೆ ಕಾಣುವ ಒಬ್ಬ ಮನುಷ್ಯ 'ಒಂದ್ನಿಮಿಷ, ಆ ಕೊಡೆ ಬಿಚ್ಚಿ ನೋಡಿದ್ರಾ?' ಅಂತ ಕೇಳುವ ಪುಟ ಅದರಲ್ಲಿ ಬರುತ್ತದೆ. ಆ ಪುಟ ಬಂದಾಗ ನನಗೆ ಇವತ್ತಿಗೂ ಸಮಾಧಾನವಾಗುತ್ತದೆ. ಬಾಡದ ನಮ್ಮ ಜಗಲಿಯಲ್ಲಿ ಆ ಪ್ರಶ್ನೆ ಕೇಳುವವರು ಯಾರೂ ಇರಲಿಲ್ಲ.